ಎಂಬಿಬಿಎಸ್ ಸೀಟು: ಹಾಸನವೋ, ಚಿಕ್ಕಮಗಳೂರೋ?

ಎರಡೂ ಸರ್ಕಾರಿ ಕಾಲೇಜು. ಸರ್ಕಾರಿ ಕೋಟಾದ ಸೀಟಾದರೆ ಫೀಸಿನ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ದೊಡ್ಡ ವ್ಯತ್ಯಾಸವಿಲ್ಲ.

ನೋಡಬೇಕಾದ್ದು ಆಸ್ಪತ್ರೆಯನ್ನು. ಹಾಸನದ ಕಾಲೇಜು 2006ರಿಂದ ಇದೆ. ಬೆಳಿಗ್ಗೆ ಓಪಿಡಿ (ಹೊರರೋಗಿ ವಿಭಾಗ) ಮುಂದೆ ಒಂದು ಗಳಿಗೆ ನಿಂತು ನೋಡಿ. ಅರಕಲಗೂಡು, ಬೇಲೂರು, ಸಕಲೇಶಪುರದಿಂದ ಬಂದವರು ಚೀಟಿ ಹಿಡಿದು ಸಾಲಿನಲ್ಲಿರುತ್ತಾರೆ. ರೋಗಿಗಳು ಜಾಸ್ತಿ ಇದ್ದಷ್ಟೂ ಕೈ ಪಳಗುತ್ತದೆ, ಅಲ್ವಾ? ಅನುಮಾನ ಬಂದರೆ ಕೇಳಲು ಎಂಬಿಬಿಎಸ್ ಮುಗಿಸಿ ಪಿಜಿ (ಸ್ನಾತಕೋತ್ತರ) ಓದುವವರೂ ಇದ್ದಾರೆ. ಗುಂಪಿನಲ್ಲಿ ಮುನ್ನುಗ್ಗಿ ಕಲಿಯುವವರಿಗೆ ನಾನು ಹಾಸನವನ್ನೇ ಹೇಳುತ್ತೇನೆ.

ಚಿಕ್ಕಮಗಳೂರಿನದು ಹೊಸ ಕಾಲೇಜು. ದಾರಿ ತೋರಿಸುವ ಹಳೇ ಬ್ಯಾಚ್‌ಗಳು ಕಡಿಮೆ. ಆದರೆ ಪಿಜಿಗಳ ಪೈಪೋಟಿ ಇಲ್ಲದ ಕಡೆ ಹೊಲಿಗೆ ಹಾಕುವ ಅವಕಾಶ ಎಂಬಿಬಿಎಸ್ ಕೊನೆಯ ತರಬೇತಿಯಲ್ಲಿರುವ ಇಂಟರ್ನ್‌ಗೇ ಬೇಗ ಸಿಗುತ್ತದೆ. ಮನೆ ಮೂಡಿಗೆರೆ, ಕೊಪ್ಪದ ಕಡೆಯಿದ್ದು, ಮಗು ಮನೆ ಬಿಟ್ಟಿರದ ಸ್ವಭಾವದ್ದಾದರೆ ಇದೇ ಒಳ್ಳೆಯದು. ಐದೂವರೆ ವರ್ಷ ಕಮ್ಮಿಯೇನಲ್ಲ.