ಚಂದ್ರವಳ್ಳಿ ಹೆಸರು ಹೇಳಿ ಮಾರುವ ರೋಮನ್ ಬೆಳ್ಳಿ ನಾಣ್ಯ: ಹುಷಾರಾಗಿರಿ

ಹಳೆ ನಾಣ್ಯ ಕೂಡಿಡುವ ಗೆಳೆಯರೇ, ದಯವಿಟ್ಟು ಇದನ್ನು ಪೂರ್ತಿ ಓದಿ. ಯಾರಾದರೂ ನಿಮ್ಮ ಮುಂದೆ ರೋಮನ್ ಬೆಳ್ಳಿ ನಾಣ್ಯ ಇಟ್ಟು ‘ಇದು ಚಂದ್ರವಳ್ಳಿ ಮಣ್ಣಲ್ಲಿ ಸಿಕ್ಕಿದ್ದು’ ಅಂದರೆ ದುಡ್ಡು ತೆಗೆಯಬೇಡಿ. ಹಾಗೆ ಹೇಳಿ ನನಗೆ 18,000 ರೂಪಾಯಿಗೆ ಮಾರಿದ್ದು ನಕಲಿ. ಅಂಥದ್ದೇ ನಾಣ್ಯ ಇನ್ನೂ ಕೈ ಬದಲಾಗುತ್ತಿದೆ.

ಬೆಂಗಳೂರಿನ ಒಂದು ನಾಣ್ಯ ಮೇಳದಲ್ಲಿ ಒಬ್ಬ ವ್ಯಾಪಾರಿಯ ಟೇಬಲ್ ಮೇಲೆ ಅದು ಇತ್ತು. ರೋಮನ್ ಚಕ್ರವರ್ತಿ ಟೈಬೀರಿಯಸ್‌ನ ಡೆನಾರಿಯಸ್, ಅಂದರೆ ರೋಮನ್ನರ ಬೆಳ್ಳಿ ನಾಣ್ಯ. ಒಂದು ಬದಿಯಲ್ಲಿ ಎಲೆಗಳ ಮಾಲೆ ಮುಡಿದ ಅವನ ತಲೆ. ಇನ್ನೊಂದು ಬದಿಯಲ್ಲಿ ರಾಜದಂಡ ಮತ್ತು ರೆಂಬೆ ಹಿಡಿದು ಕುಳಿತ ಹೆಂಗಸು. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಈ ನಾಣ್ಯ ಟಂಕಿಸಿದ್ದು ಈಗಿನ ಫ್ರಾನ್ಸಿನ ಲಿಯಾನ್ ಊರಿನಲ್ಲಿ. ತೆರಿಗೆ ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಯೇಸು ತರಿಸಿ ನೋಡಿದ ನಾಣ್ಯ ಇದೇ ಇರಬೇಕು ಎಂದು ಬಹಳ ಜನ ನಂಬುತ್ತಾರೆ. ಹಾಗಾಗಿ ಜಗತ್ತಿನ ಎಲ್ಲ ಕಡೆ ಇದಕ್ಕೆ ಬೇಡಿಕೆ ಇದೆ. ನಕಲಿಯೂ ಅಷ್ಟೇ ಜಾಸ್ತಿ.

‘ಸರ್, ನಮ್ಮ ಚಿತ್ರದುರ್ಗದ ಮಾಲು ಇದು. ಚಂದ್ರವಳ್ಳಿ ಕಡೆ ಹೊಲ ಉಳುವಾಗ ಒಂದು ಕುಡಿಕೆ ಸಿಕ್ತು. ಗೊತ್ತಿರೋರಿಗೆ ಮಾತ್ರ ಕೊಡ್ತಿದ್ದೀನಿ, ಹೊರಗೆ ಹೇಳ್ಬೇಡಿ’ ಅಂದರು ಆ ವ್ಯಾಪಾರಿ.

ಈ ಮಾತು ಯಾಕೆ ನಾಟುತ್ತದೆ ಅಂದರೆ, ಅದರಲ್ಲಿ ಅರ್ಧ ನಿಜ ಇದೆ. ಚಿತ್ರದುರ್ಗದ ಪಕ್ಕದ ಪುರಾತನ ನೆಲೆ ಚಂದ್ರವಳ್ಳಿಯಲ್ಲಿ 1929ರ ಸುಮಾರಿಗೆ ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು, 1947ರಲ್ಲಿ ಇನ್ನೊಬ್ಬ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ್ದರು. ಅಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯ ನಿಜಕ್ಕೂ ಸಿಕ್ಕಿವೆ. 1891ರಲ್ಲಿ ಯಶವಂತಪುರದ ಹತ್ತಿರ ರೋಮನ್ ಬೆಳ್ಳಿ ನಾಣ್ಯಗಳ ಒಂದು ರಾಶಿಯೇ ಸಿಕ್ಕಿತ್ತು. ಮೆಣಸು ಕೊಳ್ಳಲು ಬಂದ ಹಡಗುಗಳ ಜೊತೆ ಬಂದ ಬೆಳ್ಳಿ ನಮ್ಮ ಒಳನಾಡಿಗೂ ಹರಿದಿತ್ತು. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ಡೆನಾರಿಯಸ್‌ನ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ದಕ್ಷಿಣ ಭಾರತದಲ್ಲಿ ಸಿಗುವ ಡೆನಾರಿಯಸ್‌ಗಳಲ್ಲಿ ಹೆಚ್ಚಿನವು ಅದಕ್ಕಿಂತ ಹಿಂದಿನವು, ಅದರಲ್ಲೂ ಅಗಸ್ಟಸ್ ಮತ್ತು ಟೈಬೀರಿಯಸ್‌ರವು. ಅಂದರೆ ಕತೆ ಕಟ್ಟಿದವರಿಗೆ ಇತಿಹಾಸ ಚೆನ್ನಾಗಿ ಗೊತ್ತಿದೆ. ಯಾವ ಊರಿಗೆ ಯಾವ ರಾಜನ ನಾಣ್ಯ ಹೊಂದುತ್ತದೆ ಅಂತ ನೋಡಿಯೇ ಜೋಡಿಸಿದ್ದಾರೆ. ನಮ್ಮ ನೆಲದ ಮೇಲೆ ನಮಗಿರುವ ಪ್ರೀತಿಯನ್ನೇ ಹಿಡಿದು ಮಾರುತ್ತಾರೆ. ನನಗೆ ದುಡ್ಡಿಗಿಂತ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ.

ಈಗ ಪರೀಕ್ಷೆಯ ವಿಷಯ. ‘ಎಲ್ಲಿ ಬೇಕಾದ್ರೂ ಚೆಕ್ ಮಾಡಿಸಿ ಸರ್’ ಅಂತ ವ್ಯಾಪಾರಿಯೇ ಧೈರ್ಯವಾಗಿ ಹೇಳಿದ್ದರು. ತೂಕ 3.7 ಗ್ರಾಂ, ಟೈಬೀರಿಯಸ್ ನಾಣ್ಯಕ್ಕೆ ಸರಿಯಾದ ತೂಕವೇ. ಹಾಲ್‌ಮಾರ್ಕ್ ಸೆಂಟರ್‌ನಲ್ಲಿ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ, ಅಂದರೆ ಎಕ್ಸ್-ರೇ ಬಿಟ್ಟು ಯಾವ ಲೋಹ ಎಷ್ಟಿದೆ ಅಂತ ಹೇಳುವ ಯಂತ್ರದಲ್ಲಿ ಇಟ್ಟರು. ಬೆಳ್ಳಿ 99.9 ಅಂತ ಚೀಟಿ ಬಂತು. ‘ಒರಿಜಿನಲ್ ಸರ್’ ಅಂದರು ಅಲ್ಲಿನ ಹುಡುಗ. ಅವರ ತಪ್ಪಿಲ್ಲ. ಅವರು ಹೇಳಿದ್ದು ಲೋಹದ ಬಗ್ಗೆ. ಬೆಳ್ಳಿ ಅಸಲಿ ಆಗಿದ್ದರೆ ನಾಣ್ಯವೂ ಅಸಲಿ ಅಂತೇನೂ ಇಲ್ಲ. ಇವತ್ತಿನ ನಕಲಿ ಮಾಡುವವರು ಅಸಲಿ ಬೆಳ್ಳಿಯನ್ನೇ ಹಾಕುತ್ತಾರೆ. ನಾಲ್ಕು ಗ್ರಾಂ ಬೆಳ್ಳಿಗೆ ಎಷ್ಟು ಖರ್ಚು? ಸಿಗುವ ಲಾಭದ ಮುಂದೆ ಏನೂ ಅಲ್ಲ.

ನಿಜ ಹೇಳಬೇಕೆಂದರೆ ಆ ಚೀಟಿಯಲ್ಲೇ ಒಂದು ಸುಳಿವು ಇತ್ತು. ರೋಮನ್ನರು ಸೀಸದ ಜೊತೆ ಕರಗಿಸಿ ಬೆಳ್ಳಿ ಶುದ್ಧ ಮಾಡುತ್ತಿದ್ದರು. ಆ ವಿಧಾನದಲ್ಲಿ ಅದಿರಿನಲ್ಲಿದ್ದ ಚೂರು ಚಿನ್ನ ಹೋಗುತ್ತಿರಲಿಲ್ಲ. ಸ್ವಲ್ಪ ಸೀಸವೂ ಉಳಿಯುತ್ತಿತ್ತು. ಹಾಗಾಗಿ ಆ ಕಾಲದ ಬೆಳ್ಳಿಯಲ್ಲಿ ಸಾಮಾನ್ಯವಾಗಿ ಈ ಎರಡರ ಸಣ್ಣ ಅಂಶ ಕಾಣುತ್ತದೆ. ಚಿನ್ನವೂ ಇಲ್ಲ, ಸೀಸವೂ ಇಲ್ಲ, ಬರೀ 99.9 ಅಂದರೆ ಅದು ಈಗಿನ ಕಾರ್ಖಾನೆಯ ಬೆಳ್ಳಿ ಅಂತ ಅನುಮಾನ ಪಡಲೇಬೇಕು. ಎಕ್ಸ್‌ಆರ್‌ಎಫ್ ಓದುವುದು ಮೇಲ್ಮೈಯನ್ನು ಮಾತ್ರ ಅನ್ನುವುದನ್ನೂ ಮರೆಯಬೇಡಿ.

ಗುಟ್ಟು ರಟ್ಟಾದದ್ದು ಬೇರೆ ರೀತಿ. ಮೈಸೂರಿನ ಹಿರಿಯ ಸಂಗ್ರಾಹಕರೊಬ್ಬರಿಗೆ ಫೋಟೋ ಕಳಿಸಿದ್ದೆ. ಅವರು ಫೋನ್ ಮಾಡಿ, ‘ಇದನ್ನ ನಾನು ನೋಡಿದ್ದೀನಲ್ಲಪ್ಪಾ’ ಅಂದರು. ಬೇರೆ ಊರಿನ ಬೇರೆ ವ್ಯಾಪಾರಿ ಅವರಿಗೆ ತೋರಿಸಿದ್ದ ನಾಣ್ಯದ ಫೋಟೋ ಕಳಿಸಿದರು. ನನ್ನ ನಾಣ್ಯದಲ್ಲಿ ಚಕ್ರವರ್ತಿಯ ಕಿವಿಯ ಹಿಂದೆ ಅರ್ಧಚಂದ್ರದ ಒಂದು ಸಣ್ಣ ಮುದ್ರೆ ಇದೆ. ಆ ನಾಣ್ಯದಲ್ಲೂ ಇತ್ತು. ಅದೇ ಜಾಗ, ಅದೇ ಓರೆ, ಅದೇ ಆಳ.

ಇದು ಯಾಕೆ ದೊಡ್ಡ ಸಾಕ್ಷಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದೇ ಅಚ್ಚಿನಿಂದ ಬಂದ ಎರಡು ಅಸಲಿ ನಾಣ್ಯ ಇರಬಹುದು. ಅದರಲ್ಲಿ ವಿಶೇಷ ಇಲ್ಲ. ಆದರೆ ಈ ಸಣ್ಣ ಮುದ್ರೆ ಟಂಕಸಾಲೆಯದ್ದಲ್ಲ. ನಾಣ್ಯ ಚಲಾವಣೆಗೆ ಬಂದ ಮೇಲೆ ಬೆಳ್ಳಿ ಸರಿ ಇದೆಯಾ ಅಂತ ನೋಡಿದ ಚಿನಿವಾರರು ಒಂದೊಂದು ನಾಣ್ಯಕ್ಕೂ ಕೈಯಿಂದ ಹೊಡೆದದ್ದು. ಎರಡು ನಾಣ್ಯಗಳಲ್ಲಿ ಅದು ಕೂದಲೆಳೆಯಷ್ಟೂ ಬದಲಾಗದೆ ಕೂರಲು ಸಾಧ್ಯವೇ ಇಲ್ಲ. ಅಂದರೆ ಎಲ್ಲೋ ಒಂದು ಅಸಲಿ ನಾಣ್ಯ ಇದೆ. ಅದರ ಪಡಿಯಚ್ಚು ತೆಗೆದು, ಹೊಸ ಅಚ್ಚು ಮಾಡಿ, ಬೆಳ್ಳಿ ಬಿಲ್ಲೆ ಇಟ್ಟು ಒತ್ತಿದ್ದಾರೆ. ತಾಯಿ ನಾಣ್ಯದ ಸವೆತ, ಗೀರು, ಮುದ್ರೆ ಎಲ್ಲವೂ ಮರಿಗಳಿಗೆ ಬಂದಿವೆ.

ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಲೂಪ್‌ನಲ್ಲಿ ಇಬ್ಬರೂ ನೋಡಿದೆವು. ಅಕ್ಷರಗಳ ಅಂಚು ಮಂಕಾಗಿತ್ತು. ಸುತ್ತಿಗೆ ಪೆಟ್ಟಿಗೆ ಲೋಹ ಅಂಚಿನ ಕಡೆ ಹರಿದಾಗ ಅಕ್ಷರಗಳ ಸುತ್ತ ಸಣ್ಣ ಗೆರೆಗಳು ಮೂಡುತ್ತವೆ. ಹೆಚ್ಚು ಸವೆಯದ ಅಸಲಿ ನಾಣ್ಯದಲ್ಲಿ ಅವು ಕಾಣುತ್ತವೆ. ಇಲ್ಲಿ ಒಂದೂ ಇರಲಿಲ್ಲ. ಪಕ್ಕದ ದಪ್ಪ ಭಾಗದಲ್ಲಿ ಅರ ಹಾಕಿದ ಗುರುತು. ತಗ್ಗುಗಳಲ್ಲಿ ಕಪ್ಪು ಬಣ್ಣ ಒಂದೇ ಸಮ ಬಳಿದಂತಿತ್ತು. ಹೀಗೆ ಹಳೆಯದು ಮಾಡುವುದು ಇವತ್ತಿನ ವಿದ್ಯೆಯೂ ಅಲ್ಲ. ಜರ್ಮನಿಯಲ್ಲಿ ಬೆಕರ್ ಅಂತ ನಕಲಿ ನಾಣ್ಯ ಮಾಡುವ ಒಬ್ಬನಿದ್ದ, 1830ರಲ್ಲಿ ತೀರಿಕೊಂಡ. ತಾನು ಮಾಡಿದ ನಾಣ್ಯಗಳನ್ನು ಕಬ್ಬಿಣದ ಪುಡಿಯ ಜೊತೆ ಪೆಟ್ಟಿಗೆಯಲ್ಲಿ ಹಾಕಿ, ಗಾಡಿಗೆ ಕಟ್ಟಿ ಓಡಾಡಿಸುತ್ತಿದ್ದ ಎಂದು ಹೇಳುತ್ತಾರೆ.

ವ್ಯಾಪಾರಿಗೆ ಫೋನ್ ಮಾಡಿದೆ. ‘ಬಿಲ್ ನೋಡಿ ಸರ್’ ಅಂದರು. ಬಿಲ್‌ನಲ್ಲಿ ಇದ್ದದ್ದು ‘ಹಳೆ ಬೆಳ್ಳಿ ನಾಣ್ಯ – 1’ ಅಷ್ಟೇ. ರೋಮನ್ ಅಂತ ಇಲ್ಲ, ಟೈಬೀರಿಯಸ್ ಅಂತ ಇಲ್ಲ. ಪೊಲೀಸರ ಹತ್ತಿರ ಹೋಗುತ್ತೇನೆ ಅಂದಾಗ ಅವರ ದನಿ ಬದಲಾಯಿತು. ‘ಹೋಗಿ ಸರ್. ನಿಧಿ ಅಂತ ಗೊತ್ತಿದ್ದೂ ತಗೊಂಡೆ ಅಂತ ಬರೆದುಕೊಡಿ’ ಅಂದರು.

ಗೆಳೆಯರೇ, ಇಲ್ಲೇ ಎಲ್ಲ ಇದೆ. ಹೊಲದ ಕತೆ ಬರೀ ಮಾರುವುದಕ್ಕಲ್ಲ, ಕೊಂಡವರ ಬಾಯಿ ಮುಚ್ಚಿಸುವುದಕ್ಕೂ. ನೆಲದಲ್ಲಿ ಹೂತದ್ದು ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು ಅಂತ 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು. ಅಂಥದ್ದನ್ನು ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಈಗ ಯೋಚಿಸಿ. ಹೊಲದ ಮಾತು ಸುಳ್ಳಾದರೆ ನಾಣ್ಯವೂ ನಕಲಿ ಇರುವ ಸಾಧ್ಯತೆ ಹೆಚ್ಚು. ನಿಜವಾದರೆ ಅದು ಬಚ್ಚಿಟ್ಟು ಮಾರಿದ ನಿಧಿ, ಕೊಂಡವರಿಗೂ ತೊಂದರೆ. ಎರಡರಲ್ಲಿ ಯಾವುದಾದರೂ ನಿಮಗೆ ನಷ್ಟವೇ, ಅಲ್ವಾ? ಚಂದ್ರವಳ್ಳಿಯಂಥ ಜಾಗದ ಪಕ್ಕ ಯಾರೋ ಕದ್ದು ಅಗೆಯಲಿ ಅಂತ ನಮ್ಮಲ್ಲಿ ಯಾರೂ ಬಯಸುವುದಿಲ್ಲ. ‘ಹೊರಗೆ ಹೇಳ್ಬೇಡಿ’ ಅಂತ ಮಾರುವವರು ಅಂದ ಕೂಡಲೇ ಎದ್ದು ಬನ್ನಿ.

ಕೊಳ್ಳಲೇಬೇಕು ಅಂತಿದ್ದರೆ ಕತೆ ಕೇಳಬೇಡಿ, ಕಾಗದ ಕೇಳಿ. ಈ ನಾಣ್ಯ ಹಿಂದೆ ಯಾವ ಹರಾಜಿನಲ್ಲಿ, ಯಾವ ವರ್ಷ, ಚಿತ್ರದ ಸಮೇತ ಬಂದಿತ್ತು? ಬಿಲ್‌ನಲ್ಲಿ ಚಕ್ರವರ್ತಿಯ ಹೆಸರು, ತೂಕ, ಫೋಟೋ, ಜೊತೆಗೆ ‘ಅಸಲಿ ಅಲ್ಲದಿದ್ದರೆ ಹಣ ವಾಪಸ್’ ಅನ್ನುವ ಸಾಲು ಇರಲಿ. ಬರೆದುಕೊಡಲು ಒಪ್ಪದಿದ್ದರೆ ಅದೇ ಉತ್ತರ. ನಾಣ್ಯಶಾಸ್ತ್ರದ ಸಂಸ್ಥೆಯಾದ ಅಮೆರಿಕನ್ ನ್ಯುಮಿಸ್ಮ್ಯಾಟಿಕ್ ಸೊಸೈಟಿಯವರ ಓಕ್ರೆ (OCRE) ಅನ್ನುವ ರೋಮನ್ ನಾಣ್ಯಗಳ ಜಾಲತಾಣ ಉಚಿತ. ಅಲ್ಲಿ ಆರ್‌ಐಸಿ (RIC) ಸಂಖ್ಯೆ, ಅಂದರೆ ರೋಮನ್ ನಾಣ್ಯಗಳ ಪಟ್ಟಿ ಪುಸ್ತಕದಲ್ಲಿ ಆ ಮಾದರಿಗೆ ಕೊಟ್ಟ ಸಂಖ್ಯೆ ಹಾಕಿದರೆ ಮ್ಯೂಸಿಯಂಗಳಲ್ಲಿರುವ ಅಸಲಿ ನಾಣ್ಯಗಳ ಚಿತ್ರ ಬರುತ್ತವೆ. ಟೈಬೀರಿಯಸ್‌ನ ಈ ಮಾದರಿಗೆ ಸಂಖ್ಯೆ 30 ನೋಡಿ. ಹಾಗೇ ನಿಮ್ಮ ನಾಣ್ಯದ ಅವಳಿ ಎಲ್ಲಾದರೂ ಇದೆಯಾ ಅಂತ ಹುಡುಕಿ. ಕೊಳ್ಳುವ ಮೊದಲು ಇದಕ್ಕಿಂತ ಒಳ್ಳೆ ಪರೀಕ್ಷೆ ಮನೆಯಲ್ಲಿ ಕೂತು ಮಾಡಲು ಸಿಗುವುದಿಲ್ಲ.

ಒರೆಗಲ್ಲಿಗೆ ತಿಕ್ಕಲು, ಆಸಿಡ್ ಹಾಕಲು ಬಿಡಬೇಡಿ. ಅಸಲಿ ಆಗಿದ್ದರೆ ಹಾಳಾಗುತ್ತದೆ. ಶಬ್ದ ಕೇಳಲು ನೆಲಕ್ಕೆ ಬೀಳಿಸುವುದೂ ಬೇಡ. ಎರಡು ಸಾವಿರ ವರ್ಷದ ಬೆಳ್ಳಿ ಒಳಗೆ ಪೆಳಸಾಗಿರಬಹುದು, ಒಡೆದು ಹೋಗುತ್ತದೆ. ಇನ್ನೊಂದು ವಿಷಯ: ಒಳಗೆ ತಾಮ್ರ, ಮೇಲೆ ತೆಳು ಬೆಳ್ಳಿ ಇರುವ ನಾಣ್ಯ ಕಂಡರೆ ಸುಮ್ನೆ ಬಿಸಾಡಬೇಡಿ. ರೋಮನ್ ಕಾಲದಲ್ಲೇ ಅಂಥ ಕಳ್ಳ ನಾಣ್ಯ ಇದ್ದವು. ಅವಕ್ಕೂ ಸಂಗ್ರಾಹಕರಿದ್ದಾರೆ.

ನನ್ನ ಹತ್ತಿರ ಇರುವ ನಕಲಿಯ ಗುರುತು ಇದು. ತೂಕ 3.7 ಗ್ರಾಂ. ತಲೆ ಬಲಕ್ಕೆ ನೋಡುತ್ತದೆ. ಕಿವಿಯ ಹಿಂದೆ ಅರ್ಧಚಂದ್ರ, ಅದರ ಎರಡು ತುದಿ ಕುತ್ತಿಗೆಯ ಕಡೆ. ಹಿಂಬದಿಯಲ್ಲಿ ಕುಳಿತ ಹೆಂಗಸಿನ ಮೊಣಕಾಲಿನ ಮೇಲಿಂದ ಕುರ್ಚಿಯ ಕಾಲಿನವರೆಗೆ ಒಂದು ಓರೆ ಗೀರು. ತೂಕ ಮತ್ತು ಅಂಚಿನ ಆಕಾರ ಬೇರೆ ಇರಬಹುದು, ಅದನ್ನು ನೋಡಿ ಮೋಸ ಹೋಗಬೇಡಿ. ಅರ್ಧಚಂದ್ರ ಮತ್ತು ಗೀರು ಎರಡೂ ಅದೇ ಜಾಗದಲ್ಲಿದ್ದರೆ ಅದು ಇದರ ಅವಳಿಯೇ. ಈಗಾಗಲೇ ಕೊಂಡಿದ್ದರೆ ಇನ್ನೊಬ್ಬರಿಗೆ ದಾಟಿಸಬೇಡಿ. ಎರಡೂ ಬದಿಯ ಫೋಟೋ ಮತ್ತು ಬಿಲ್ ಇಟ್ಟುಕೊಂಡು ನನಗೆ ತಿಳಿಸಿ. ನಾವು ನಾಲ್ಕು ಜನ ಒಟ್ಟಿಗೆ ದೂರು ಕೊಟ್ಟರೆ ‘ಹಳೆ ಬೆಳ್ಳಿ ನಾಣ್ಯ – 1’ ಅಂತ ಬರೆದು ಜಾರಿಕೊಳ್ಳುವುದು ಅವರಿಗೆ ಕಷ್ಟವಾಗುತ್ತದೆ.