ಫಾಂಡ್ಯೂ ಸೆಟ್ ರಿವ್ಯೂ: ಕಕ್ಕಡ ಮಳೇಲಿ ಸ್ವಿಸ್ ಹಬ್ಬ ಮಾಡೋರಿಗೆ

ಫಾಂಡ್ಯೂ ಅಂದ್ರೆ ಕರಗಿಸಿದ ಬಿಸಿ ಚೀಸಲ್ಲಿ ಬ್ರೆಡ್ ಅದ್ದಿ ತಿನ್ನೋ ಸ್ವಿಸ್ ಊಟ, ಕಕ್ಕಡ ಅಂದ್ರೆ ಕೊಡಗಿನಲ್ಲಿ ಜುಲೈ-ಆಗಸ್ಟ್ ಹೊತ್ತಿನ ಜೋರು ಮಳೆ ತಿಂಗಳು. ನಾಲ್ಕು ಸ್ಟಾರ್. ಒಂದು ಸ್ಟಾರ್ ಕಟ್ ಮಾಡಿರೋದು ಬರ್ನರ್ ವಿಷಯಕ್ಕೆ, ಕೆಳಗೆ ಹೇಳ್ತೀನಿ.

ನಮ್ಮ ಅಳಿಯ ಸ್ವಿಟ್ಜರ್‌ಲ್ಯಾಂಡಿನವ್ರು. ಮಗಳು, ಅಳಿಯ, ಮೊಮ್ಮಕ್ಕಳು ಎಲ್ಲಾ ಈ ಸಲ ಮಳೆಗಾಲದಲ್ಲೇ ಮಡಿಕೇರಿ ಹತ್ತಿರದ ಗಾಳಿಬೀಡಿನ ಮನೆಗೆ ಬಂದಿದ್ರು, ಆಗಸ್ಟ್ 1 ಅವರ ರಾಷ್ಟ್ರೀಯ ದಿನ, 1291ರಲ್ಲಿ ಊರಿ, ಶ್ವೀಜ್, ಉಂಟರ್‌ವಾಲ್ಡನ್ ಕಡೆಯೋರು ಕಷ್ಟಕ್ಕೆ ಒಬ್ಬರಿಗೊಬ್ಬರು ಆಗ್ತೀವಿ ಅಂತ ಒಪ್ಪಂದ ಮಾಡ್ಕೊಂಡಿದ್ದರ ನೆನಪಿಗೆ, ಆದ್ರೂ ದೇಶಕ್ಕೆಲ್ಲಾ ರಜೆ ಸಿಕ್ಕಿದ್ದು 1994ರಿಂದ ಅಷ್ಟೇ. ಅಲ್ಲಿ ಆವತ್ತು ಬೆಟ್ಟದ ಮೇಲೆ ದೊಡ್ಡ ಬೆಂಕಿ ಹಾಕ್ತಾರೆ, ಸಾಸೇಜ್ ಸುಡ್ತಾರೆ, ಮಕ್ಕಳು ಕಾಗದದ ಲಾಟೀನು ಹಿಡ್ಕೊಂಡು ಓಡಾಡ್ತವೆ. ಕಕ್ಕಡದಲ್ಲಿ ಇಲ್ಲಿ ಹೊರಗೆ ಬೆಂಕಿ ಹಾಕೋದಾ! ಒಲೆಗೇ ಒಣಗಿದ ಸೌದೆ ಸಿಗಲ್ಲ. ಲಾಟೀನು ಜಗಲಿಯಲ್ಲಿ ಕಟ್ಟಿದ್ವಿ, ಬಾವುಟ ಮಕ್ಕಳೇ ಬರೆದ್ರು (ಅದು ಚೌಕ ಇರ್ಬೇಕಂತೆ, ಉದ್ದ ಮಾಡಿದ್ರೆ ಅಳಿಯ ಒಪ್ಪಲ್ಲ), ಊಟಕ್ಕೆ ಏನು ಅನ್ನೋದೇ ತಲೆನೋವಾಗಿತ್ತು.

ಮೊದ್ಲು ರಾಕ್ಲೆಟ್ ಗ್ರಿಲ್ (ಟೇಬಲ್ ಮೇಲೇ ಚೀಸ್ ಕರಗಿಸೋದು) ನೋಡಿದ್ವಿ. ಅದು ಕರೆಂಟಿಂದು, ಸಾವಿರ ವಾಟ್‌ಗೂ ಜಾಸ್ತಿ ಎಳೆಯುತ್ತೆ, ನಮ್ಮ ಇನ್ವರ್ಟರ್ ಇರೋದು ಲೈಟಿಗೆ, ಮೊಬೈಲ್ ಚಾರ್ಜಿಗೆ, ಜುಲೈ ಆಗಸ್ಟಲ್ಲಿ ಒಂದು ಮರ ಲೈನ್ ಮೇಲೆ ಬಿದ್ರೆ ಕರೆಂಟು ಯಾವಾಗ ಬರುತ್ತೋ ಅಂತ ಕೊಡಗಿನೋರಿಗೆ ನಾನು ಹೇಳ್ಬೇಕಾ. ಅದಕ್ಕೇ ಈ ಸೆಟ್ಟು, ಸಿರಾಮಿಕ್ ಪಾತ್ರೆ, ಕಬ್ಬಿಣದ ಸ್ಟ್ಯಾಂಡು, ಬರ್ನರ್, ಉದ್ದ ಫೋರ್ಕು, ಎರಡೂವರೆ ಸಾವಿರ ಚಿಲ್ರೆ. ಆಗಸ್ಟಲ್ಲಿ ಯಾರೂ ಫಾಂಡ್ಯೂ ತಿನ್ನಲ್ಲ, ಅದು ಚಳಿಗಾಲದ್ದು ಅಂತ ಅಳಿಯ ನಗಾಡಿದ್ರು, ಸಂಜೆ ಸ್ವೆಟರ್ ಹಾಕ್ಕೊಂಡು ಕೂತ್ಮೇಲೆ ಅವರೇ ಚೀಸ್ ತುರಿಯೋಕೆ ಶುರು ಮಾಡಿದ್ರು.

ಪಾತ್ರೆ ಬಗ್ಗೆ ಕಂಪ್ಲೇಂಟೇ ಇಲ್ಲ. ದಪ್ಪ ಇದೆ, ಬಿಸಿ ಹಿಡ್ಕೊಳ್ಳುತ್ತೆ, ತಳ ಹತ್ತಲ್ಲ. ಒಬ್ಬರಿಗೆ 200 ಗ್ರಾಂ ಚೀಸ್ ಲೆಕ್ಕ, ಗ್ರುಯೇರ್ ಅನ್ನೋ ಸ್ವಿಸ್ ಚೀಸನ್ನ ಮಗಳು ಅಲ್ಲಿಂದಲೇ ತಂದಿದ್ಲು. ಪಾತ್ರೆಗೆ ಬೆಳ್ಳುಳ್ಳಿ ಉಜ್ಜಿ, ವೈಟ್ ವೈನ್ ಬಿಸಿ ಮಾಡಿ, ಕಾರ್ನ್‌ಫ್ಲೋರ್ ಕಲೆಸಿದ ಚೀಸನ್ನ ಸ್ವಲ್ಪ ಸ್ವಲ್ಪವೇ ಹಾಕಿ ತಿರುವುತ್ತಾ ಇರ್ಬೇಕು. ವೈನ್ ಹುಳಿ ಇರೋದೇ ಬೇಕು, ಆ ಹುಳಿಯಿಂದಲೇ ಚೀಸ್ ಗಂಟು ಕಟ್ಟದೆ ನಯವಾಗಿ ಕರಗೋದು, ನಮ್ಮ ಕೊಡಗಿನ ಹೋಮ್‌ಮೇಡ್ ವೈನ್ ಸಿಹಿ, ಅದು ಕುಡಿಯೋಕಿರ್ಲಿ. ಕೊನೇಲಿ ಸ್ವಲ್ಪ ನಿಂಬೆರಸ ಹಿಂಡಿದ್ರೆ ಇನ್ನೂ ಸೇಫು. ನಮ್ಮತ್ತೆ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ ರಸ) ಬಾಟ್ಲಿ ತಗೊಂಡು ಬಂದ್ರು, ತಡೆದ್ವಿ.

ಬೇಕರಿಯ ಮೆತ್ತಗಿನ ಸಿಹಿ ಬ್ರೆಡ್ ಆಗಲ್ಲ, ಫೋರ್ಕಿಂದ ಕಳಚಿ ಒಳಗೇ ಬೀಳುತ್ತೆ. ಹಿಂದಿನ ದಿನದ್ದು, ಅಂಚು ಗಟ್ಟಿ ಇರೋದು ಬೇಕು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಅರ್ಧ ಮಾಡಿ ಅದ್ದಿದ್ವಿ, ಪುಡಿಯಾಯ್ತು, ಆದ್ರೆ ಒಣಗಿಸಿದ ಪಂದಿ (ಹಂದಿ ಮಾಂಸ) ಫ್ರೈ ಪೀಸು ಅದ್ದಿದ್ದು ಮಾತ್ರ ಸೂಪರ್, ಅಳಿಯ ಆಮೇಲೆ ಬ್ರೆಡ್ ಮುಟ್ಟಲೇ ಇಲ್ಲ. ಬ್ರೆಡ್ ಒಳಗೆ ಬೀಳಿಸ್ದೋರು ಪಾತ್ರೆ ತೊಳೀಬೇಕು ಅಂತ ರೂಲ್ಸು, ಮಕ್ಕಳು ಬೇಕಂತಲೇ ಅಜ್ಜನ ಕೈ ತಳ್ತಿದ್ವು. ತಳದಲ್ಲಿ ಕಂದು ಬಣ್ಣಕ್ಕೆ ಗಟ್ಟಿಯಾಗಿ ಉಳಿಯುತ್ತಲ್ಲ, ಅದಕ್ಕೇ ಜಗಳ, ನಮ್ಮಲ್ಲಿ ಸೀಕಲಿಗೆ ಆಗೋ ಹಾಗೆ.

ಈಗ ಬರ್ನರ್. ಜೆಲ್ ಇಂಧನ ಬಾಕ್ಸಲ್ಲಿ ಇರಲ್ಲ, ಪ್ಯಾಕೆಟ್ ಮೇಲೆ ಚಿಕ್ಕ ಅಕ್ಷರದಲ್ಲಿ ಹಾಕಿದ್ದಾರೆ. ಮಡಿಕೇರಿಯಲ್ಲಿ ಸಿಗ್ಲಿಲ್ಲ, ಮೈಸೂರಿಂದ ಬರೋರ ಕೈಲಿ ತರಿಸ್ಬೇಕಾಯ್ತು. ಉರಿ ಕಮ್ಮಿ ಮಾಡೋ ಮುಚ್ಚಳ ಲೂಸು, ಕಿಟಕಿ ತೆರೆದಿದ್ರೆ ಗಾಳಿಗೆ ಆರೋಗುತ್ತೆ, ಪೂರ್ತಿ ಮುಚ್ಚಿ ಕೂರೋದೂ ಸರಿಯಲ್ಲ. ಚೀಸನ್ನ ಮೊದ್ಲು ಗ್ಯಾಸ್ ಮೇಲೆ ಸಣ್ಣ ಉರೀಲಿ ಕರಗಿಸ್ಕೊಂಡೇ ಟೇಬಲ್ಲಿಗೆ ತನ್ನಿ, ಇದು ಬಿಸಿ ಇಡೋಕೆ ಅಷ್ಟೇ ಸಾಕಾಗೋದು. ಫೋರ್ಕಿನ ಬಣ್ಣದ ಚುಕ್ಕಿ ಒಂದೇ ತೊಳೆತಕ್ಕೆ ಹೋಯ್ತು, ಯಾರದ್ದು ಯಾವುದು ಗೊತ್ತಾಗಲ್ಲ, ದಾರ ಕಟ್ಟಿದ್ವಿ.

ಐದಾರು ಜನಕ್ಕೆ ಓಕೆ, ಬಳಗ ಎಲ್ಲಾ ಸೇರಿಸ್ತೀರಿ ಅಂದ್ರೆ ಎರಡು ಸೆಟ್ ತಗೊಳ್ಳಿ. ಆಗಸ್ಟ್ 3ಕ್ಕೆ ಕಕ್ಕಡ ಪದಿನೆಟ್ಟು (ಕಕ್ಕಡದ ಹದಿನೆಂಟನೇ ದಿನ), ಆವತ್ತು ಔಷಧಿ ಅಂತ ತಿನ್ನೋ ಮದ್ದು ಸೊಪ್ಪಿನ ಪಾಯಸ ಬಿಸಿ ಇಡೋಕೂ ಇದೇ ಪಾತ್ರೆ ಆಯ್ತು. ಆ ನೇರಳೆ ಬಣ್ಣ ಪಾತ್ರೆಗೆ ಹಿಡೀಲಿಲ್ಲ, ಅದು ಪ್ಲಸ್ ಪಾಯಿಂಟು. ಈ ಪಾಯಸ ತಿಂದ್ರೆ ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತೆ ಗಾಬರಿಯಾಗ್ಬೇಡಿ ಅಂತ ಅಳಿಯನಿಗೆ ಮೊದ್ಲೇ ಹೇಳಿದ್ವಿ.