ಓವರ್‌ಡೋಸ್‌ನಿಂದ ಬದುಕುಳಿದ ಮೇಲೆ ಯಾವ ಔಷಧ?

ಓಪಿಯಾಯ್ಡ್ (ಹೆರಾಯಿನ್‌ನಂಥ ಅಫೀಮು ಬಗೆಯ ಮಾದಕ) ಓವರ್‌ಡೋಸ್ ಆದವರಿಗೆ ಅದರ ಪರಿಣಾಮ ತಡೆಯುವ ತುರ್ತು ಮದ್ದು ನಲೋಕ್ಸೋನ್ ಕೊಟ್ಟಾಗ ಉಸಿರು ಮರಳಿದರೂ ಈ ಮದ್ದಿನ ಪ್ರಭಾವ 30ರಿಂದ 90 ನಿಮಿಷ ಮಾತ್ರ. ಆಮೇಲೆ ಮತ್ತೆ ಉಸಿರು ಕುಗ್ಗಬಹುದು, ಆದ್ದರಿಂದ ಆಸ್ಪತ್ರೆಯಲ್ಲೇ ನಿಗಾ ಬೇಕು. ಆಮೇಲೆ ವ್ಯಸನದ ಚಿಕಿತ್ಸೆಗೆ ಮೂರು ಔಷಧಗಳಿವೆ.

ಹೆಚ್ಚಿನವರಿಗೆ ಮೊದಲು ನೋಡಬೇಕಾದ್ದು ಬ್ಯುಪ್ರೆನಾರ್ಫಿನ್. ಉಸಿರಾಟ ಕುಗ್ಗಿಸುವ ಅಪಾಯ ಇದರಲ್ಲಿ ಕಡಿಮೆ. ಎಡವುವುದು ಶುರು ಮಾಡುವಾಗ: ಮೈನೋವು, ಆಕಳಿಕೆ, ಮೂಗು ಸೋರುವುದು ಚೆನ್ನಾಗಿ ಕಾಣುವ ಮೊದಲೇ ಕೊಟ್ಟರೆ ವಿತ್‌ಡ್ರಾವಲ್ (ಮಾದಕ ನಿಂತಾಗ ಮೈಗಾಗುವ ಸಂಕಟ) ಒಮ್ಮೆಲೇ ಅಪ್ಪಳಿಸುತ್ತದೆ. ಫೆಂಟನಿಲ್ ಎಂಬ ತೀವ್ರ ಓಪಿಯಾಯ್ಡ್ ಮೈಯ ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ಅದನ್ನು ನಿತ್ಯ ಬಳಸಿದವರು ಇನ್ನೂ ಹೆಚ್ಚು ಕಾಯಬೇಕಾಗಬಹುದು. ಮಾತ್ರೆಯನ್ನು ನುಂಗಬಾರದು; ನಾಲಿಗೆ ಕೆಳಗಿಟ್ಟು, ಪೂರ್ತಿ ಕರಗುವವರೆಗೆ ನೀರು, ಮಾತು ಎರಡೂ ಬೇಡ. ನುಂಗಿಬಿಟ್ಟರೆ ‘ಮದ್ದು ಹತ್ತಲಿಲ್ಲ’ ಎನಿಸಬಹುದು.

ಎರಡನೆಯದು ಮೆಥಡೋನ್, ಇದೂ ಓಪಿಯಾಯ್ಡ್ ಔಷಧವೇ; ಇದಕ್ಕೆ ವಿತ್‌ಡ್ರಾವಲ್‌ಗಾಗಿ ಕಾಯಬೇಕಿಲ್ಲ. ಆದರೆ ಡೋಸ್ ನಿಧಾನವಾಗಿ ಏರಿಸಬೇಕು, ಹೃದಯ ಬಡಿತದ ಲಯಕ್ಕಾಗಿ ಇಸಿಜಿ ನೋಡಬೇಕು. ಮೊದಲ ಎರಡು ವಾರವೇ ಹೆಚ್ಚು ಅಪಾಯದ ಕಾಲ. ಭಾರತದಲ್ಲಿ ಇದನ್ನು ಕೊಡುವ ಕೇಂದ್ರಗಳೂ ಕಡಿಮೆ.

ಮೂರನೆಯದು ನಾಲ್‌ಟ್ರೆಕ್ಸೋನ್, ಓಪಿಯಾಯ್ಡ್‌ನ ಪರಿಣಾಮವನ್ನೇ ತಡೆಯುವ ಮದ್ದು; ಇದಕ್ಕೆ ಮೊದಲು 7ರಿಂದ 10 ದಿನ ಓಪಿಯಾಯ್ಡ್ ಇಲ್ಲದಿರಬೇಕು. ಈ ಮಾತ್ರೆ ಬಿಟ್ಟವರು ಮಾದಕವನ್ನು ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಸಾವು ಬರಬಹುದು, ಏಕೆಂದರೆ ಅದನ್ನು ತಡೆದುಕೊಳ್ಳುವ ಮೈಯ ತಾಳಿಕೆ ಇಳಿದಿರುತ್ತದೆ.

ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಿದೆ. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446.